ಆರ್ದ್ರಾ ಅಥವಾ ಆಲ್ಗಾಲ್: ಬರಿಗಣ್ಣಿನ ವೀಕ್ಷಣೆಗೆ ಯಾವುದು ಸೂಕ್ತ?

ಹೊಳಪು ಬದಲಿಸುವ ನಕ್ಷತ್ರವೊಂದನ್ನು ದೂರದರ್ಶಕವಿಲ್ಲದೆ ಗಮನಿಸಬಯಸುವವರು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಭುಜದಲ್ಲಿರುವ ಕೆಂಬಣ್ಣದ ಆರ್ದ್ರಾವನ್ನು ಬೆಂಗಳೂರಿನ ಬೆಳಕಿನ ನಡುವೆಯೂ ಸುಲಭವಾಗಿ ಗುರುತಿಸಬಹುದು; ಆದರೆ ಅದರ ಏರಿಳಿತಕ್ಕೆ ಸುಮಾರು 400 ದಿನ ಹಿಡಿಯುತ್ತದೆ, ಅದೂ ಕರಾರುವಾಕ್ಕಾಗಿಲ್ಲ. 2020ರ ಫೆಬ್ರುವರಿಯಲ್ಲಿ, ಮುಖ್ಯವಾಗಿ ತಾನೇ ಹೊರಚೆಲ್ಲಿದ ಧೂಳು ಮರೆಮಾಡಿದ್ದರಿಂದ, ಅದರ ಕಾಂತಿಮಾನ ಸುಮಾರು 1.6ಕ್ಕೆ ಕುಸಿದು (ಸಂಖ್ಯೆ ಹೆಚ್ಚಿದಷ್ಟೂ ಹೊಳಪು ಕಡಿಮೆ) ಅದು ರೋಹಿಣಿಗಿಂತಲೂ ಮಂಕಾಗಿತ್ತು. ಅಂತಹ ಅವಕಾಶ ಅಪರೂಪ.

ಪಾರ್ಥ ಪುಂಜದ ಆಲ್ಗಾಲ್ ಹಾಗಲ್ಲ. ಮಂಕಾದ ಸಂಗಾತಿ ನಕ್ಷತ್ರವು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅಡ್ಡಬರುವುದರಿಂದ ಅದರ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುತ್ತದೆ, ಈ ಗ್ರಹಣ ಸುಮಾರು 10 ಗಂಟೆಗಳಲ್ಲಿ ಮುಗಿಯುವುದರಿಂದ, ಡಿಸೆಂಬರಿನ ಒಂದೇ ರಾತ್ರಿಯಲ್ಲಿ, ಪಕ್ಕದ ದೇವಯಾನಿ ಪುಂಜದ ಆಲ್ಮಾಕ್‌ನೊಂದಿಗೆ ಹೋಲಿಸುತ್ತ ಬದಲಾವಣೆಯನ್ನು ಕಣ್ಣಾರೆ ಕಾಣಬಹುದು. ಗುರುತಿಸುವುದು ತುಸು ಕಷ್ಟವಾದರೂ, ಹೊಸಬರಿಗೆ ಆಲ್ಗಾಲೇ ಮೇಲು. ಆದರೆ ಅತಿ ಮಂಕಾಗುವ ವೇಳೆ ಮಧ್ಯರಾತ್ರಿಗೆ ಮುನ್ನ ಬೀಳುವ ದಿನವನ್ನೇ ಆರಿಸಿಕೊಳ್ಳಬೇಕು.