ವೈನ್ ಕಂಪನಿಯ ಸೇಲ್ಸ್ ಕೆಲಸಕ್ಕೆ ಹೊರಟವರು ಇದನ್ನೊಮ್ಮೆ ಓದಿ

ಮುಂಬೈ ಪಕ್ಕದ ಠಾಣೆ ಊರಿನ ಒಂದು ವೈನ್ ಶಾಪಿನ ಕೌಂಟರಿನಲ್ಲಿ ಒಂಬತ್ತು ವರ್ಷ ನಿಂತವನು ನಾನು. ಬೋರ್ಡಿನಲ್ಲಿ ವೈನ್ ಅಂತಿದ್ದರೂ ಹೋಗುವುದು ವಿಸ್ಕಿ, ಬಿಯರು. ಇಲ್ಲಿಯವರಿಗೆ ಹೊಸತಾಗಿ ಹೇಳಬೇಕಾಗಿಲ್ಲ. ಆದರೂ ನಾಸಿಕದ ವೈನ್ ಬಾಟಲಿಗಳ ಮೇಲೆ ನನಗೊಂದು ಹುಚ್ಚು. ಮೀನಿನ ಊಟಕ್ಕೆ ಶೆನಿನ್ ಬ್ಲಾಂಕ್ ಅನ್ನುವ ವೈಟ್ ವೈನ್ ತಗೊಳ್ಳಿ, ಮಟನ್ನಿಗೆ ಶಿರಾಜ್ ಅನ್ನುವ ರೆಡ್ ವೈನ್ ಅಂತ ಗಿರಾಕಿಗಳಿಗೆ ಹೇಳಿ ಕಳಿಸುತ್ತಿದ್ದೆ.

2022ರ ಜನವರಿಯಲ್ಲಿ ಸೂಪರ್ ಮಾರ್ಕೆಟಿನಲ್ಲೂ ವೈನ್ ಮಾರಬಹುದು ಅಂತ ಮಹಾರಾಷ್ಟ್ರ ಸಂಪುಟ ತೀರ್ಮಾನಿಸಿತಲ್ಲ, ಆ ಗಾಳಿಯಲ್ಲೇ ಒಂದು ಕಂಪನಿಯಿಂದ ನನಗೆ ಫೋನ್ ಬಂತು. ಇಂಟರ್‌ವ್ಯೂನಲ್ಲಿ ವೈನ್ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಎಷ್ಟು ಪರ್ಮಿಟ್ ರೂಮಿನವರ, ಅಂದರೆ ಲೈಸೆನ್ಸ್ ಇರುವ ಬಾರಿನವರ, ಪರಿಚಯ ಇದೆ ಅಂತ ಕೇಳಿದರು. ನಮ್ಮ ಕುಂದಾಪುರ ಕಡೆಯವರದ್ದೇ ಎಂಟು ಹತ್ತು ಇದೆ ಅಂದೆ. ಮ್ಯಾನೇಜರ್ ಮುಖ ಅರಳಿತು. ನನಗೆ ಅಲ್ಲೇ ಹೊಳೆಯಬೇಕಿತ್ತು.

ಸೂಪರ್ ಮಾರ್ಕೆಟಿನ ತೀರ್ಮಾನ ವಿರೋಧಕ್ಕೆ ಸಿಕ್ಕಿ ಅಲ್ಲೇ ನಿಂತಿತು. ನನ್ನ ಟಾರ್ಗೆಟ್ ಮಾತ್ರ ನಿಲ್ಲಲಿಲ್ಲ. ಮಾರ್ಚ್ ಕ್ಲೋಸಿಂಗ್‌ಗೆ ನಾಲ್ಕು ದಿನ ಇರುವಾಗ ಮ್ಯಾನೇಜರ್ ಫೋನ್: "ಬಿಲ್ ಮಾಡಿಸು, ಹೋಗದಿದ್ದರೆ ವಾಪಸ್ ತಗೊಳ್ಳೋಣ." ಅದೇ ಮಾತನ್ನು ನಾನು ನಮ್ಮ ಊರಿನ ಶೆಟ್ಟರೊಬ್ಬರಿಗೆ ಹೇಳಿ ಎಂಟು ಪೆಟ್ಟಿಗೆ ಇಳಿಸಿದೆ. ಪೆಟ್ಟಿಗೆಗೆ ಹನ್ನೆರಡರಂತೆ 96 ಬಾಟಲಿ, ಎಲ್ಲ ವೈಟ್. ಅವರಲ್ಲಿ ವೈನ್ ಕೇಳುವ ಗಿರಾಕಿ ವಾರಕ್ಕೊಬ್ಬ ಬಂದರೆ ಹೆಚ್ಚು.

ಮೇ ತಿಂಗಳಲ್ಲಿ ಕಲೆಕ್ಷನ್‌ಗೆ ಹೋದೆ. ಪೆಟ್ಟಿಗೆಗಳು ಅಡುಗೆ ಮನೆಯ ಅಟ್ಟದಲ್ಲಿ, ತಂದೂರಿನ ನೆತ್ತಿಯ ಮೇಲೆಯೇ ಇದ್ದವು. ಕೆಲವು ಬಾಟಲಿಗಳಲ್ಲಿ ಬಿರಡೆ ಮೇಲೆದ್ದು ಫಾಯಿಲ್ ಉಬ್ಬಿತ್ತು. ಲೇಬಲ್ ಮೇಲೆ ಅಂಟಂಟು ಒಸರು. ಶೆಟ್ಟರು ಮಾತಾಡದೆ ಒಂದನ್ನು ತೆಗೆದು ಗ್ಲಾಸಿಗೆ ಸುರಿದರು. ಚಹಾದ ಬಣ್ಣ, ಕತ್ತರಿಸಿಟ್ಟು ಮರೆತ ಸೇಬಿನ ವಾಸನೆ.

"ನೀನು ಹೇಳಿದ್ದಕ್ಕೆ ತಗೊಂಡದ್ದು ಮಾರಾಯ," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ವಾಪಸಿ ಕೇಳಿದಾಗ ಮ್ಯಾನೇಜರ್, ಎಕ್ಸೈಸ್ (ಅಬಕಾರಿ) ಇಲಾಖೆಯ ಕಾಗದ ಇಲ್ಲದೆ ಮಾಲು ಹಿಂದಕ್ಕೆ ಬರುವುದಿಲ್ಲ, ನಿನಗೆ ಗೊತ್ತಿಲ್ವಾ ಅಂದ. ಗೊತ್ತಿತ್ತು. ಕೌಂಟರಿನಲ್ಲಿ ಒಂಬತ್ತು ವರ್ಷ ಆ ಕಾಗದಗಳನ್ನೇ ನೋಡಿದವನು. ಇನ್ಸೆಂಟಿವ್ ಆಸೆಗೆ ಮರೆತಿದ್ದೆ ಅಷ್ಟೆ. ಆ ಇನ್ಸೆಂಟಿವ್ ಕೂಡ ಬಿಲ್ ಆದಾಗ ಅಲ್ಲ, ಹಣ ವಸೂಲಾದ ಮೇಲೆ ಅಂತ ಆಮೇಲೆ ತಿಳಿಯಿತು. ಕೆಲಸ ಬಿಟ್ಟಾಗ ಕೊನೆಯ ಎರಡು ತಿಂಗಳ ಸಂಬಳವನ್ನು ಬಾಕಿಗೆ ಅಂತ ಹಿಡಿದುಕೊಂಡರು. ಶೆಟ್ಟರಿಗೆ ಅರ್ಧ ದುಡ್ಡು ನಾನೇ ಕಂತಿನಲ್ಲಿ ಕೊಟ್ಟೆ, ಅವರು ಬೇಡ ಬೇಡ ಅಂದರೂ.

ಹೋಗುವವರು ಹೋಗಿ, ಒಳ್ಳೆಯ ಕಂಪನಿಗಳೂ ಇದ್ದಾವು. ಆದರೆ ಟಾರ್ಗೆಟ್ ಡಿಸ್ಟ್ರಿಬ್ಯೂಟರ್‌ಗೆ ಹಾಕಿದ ಮಾಲಿನ ಮೇಲೋ, ಅಂಗಡಿಗೆ ಇಳಿದದ್ದರ ಮೇಲೋ, ಬಂದ ದುಡ್ಡಿನ ಮೇಲೋ, ಸೇರುವ ಮೊದಲೇ ಕೇಳಿ. ಕೆಟ್ಟ ಬಾಟಲಿ, ಹೋಗದ ಮಾಲು ಯಾರ ತಲೆಗೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಖಾಲಿ ಚೆಕ್ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.

ನಾನೀಗ ಹಳೆಯ ಕೌಂಟರಿಗೇ ಬಂದಿದ್ದೇನೆ. ಮೊನ್ನೆ ಒಬ್ಬ ಹೊಸ ಹುಡುಗ ಸ್ಕೀಮ್ ಹಿಡಿದುಕೊಂಡು ಬಂದ, ಕಾರ್ಕಳದವನಂತೆ. ವಾಪಸಿ ಬರೆದು ಕೊಡ್ತೀಯಾ ಅಂತ ಕೇಳಿದೆ.

"ಅಣ್ಣಾ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ.