ನನ್ನ ಎದುರಿನ ಅಂಗಡಿ: ಒಂದು ಉಚಿತ ಕಾನೂನು ಸಲಹಾ ಕೇಂದ್ರದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಎದುರು ಅಂಗಡಿಯವನು ಬರೆಯುತ್ತಿರುವ ವಿಮರ್ಶೆ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯ ಮುಂದೆ, ಬೇವಿನ ಮರದ ಮಗ್ಗುಲಿನ ತಗಡಿನ ಗೂಡಂಗಡಿಯಲ್ಲಿ 31 ವರ್ಷದಿಂದ ಅರ್ಜಿ ಬರೆದುಕೊಂಡು ಬಂದವನು ನಾನು. ಮೊದಲು ಟೈಪ್‌ರೈಟರ್, ಆಮೇಲೆ ನುಡಿ ತಂತ್ರಾಂಶ ಹಾಕಿದ ಹಳೆಯ ಕಂಪ್ಯೂಟರ್. ಒಂದು ಅರ್ಜಿಗೆ 50 ರೂಪಾಯಿ. ಯಾವ ತಾಲ್ಲೂಕು ಎಂದು ಕೇಳಬೇಡಿ, ನಾಳೆ ಬೆಳಿಗ್ಗೆ ಮತ್ತೆ ಅಲ್ಲಿಯೇ ಕೂರಬೇಕು. ಕೇಂದ್ರದ ಹೆಸರನ್ನೂ ಹೇಳುವುದಿಲ್ಲ, ಮುಂದೆ ಬೈಗುಳವೂ ಬರಲಿದೆ.

2017ರಲ್ಲಿ ರಸ್ತೆಯ ಆಚೆ ಬದಿಯ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಒಂದು ಫಲಕ ಬಂದಿತು. ಅದರ ಮೇಲೆ ಮೂರು ಲಾಂಛನ: ದುಡ್ಡು ಕೊಟ್ಟ ಹೊರದೇಶದ ನಿಧಿಯದು, ಅದನ್ನು ತಂದ ಬೆಂಗಳೂರಿನ ದೊಡ್ಡ ಸಂಸ್ಥೆಯದು, ಕೊನೆಗೆ ಸಣ್ಣದಾಗಿ ನಮ್ಮ ಕಡೆಯ ಸಂಸ್ಥೆಯದು. ಕೆಳಗೆ ‘ಕಾನೂನಿನ ಆಳ್ವಿಕೆ ಮತ್ತು ಮಾನವ ಹಕ್ಕುಗಳ ಸಬಲೀಕರಣ ಯೋಜನೆ’ ಎಂಬ ಉದ್ದದ ಸಾಲು. ಅದರ ಕೆಳಗಿನ ಎರಡೇ ಪದ ನನ್ನ ಹೊಟ್ಟೆ ಉರಿಸಿದವು: ‘ಸಲಹೆ ಉಚಿತ’. ನನ್ನ ಗಿರಾಕಿಗಳಲ್ಲಿ ಕೆಲವರು ಆ ಮೆಟ್ಟಿಲು ಹತ್ತತೊಡಗಿದರು. ಹತ್ತಲಾಗದ ಮುದುಕರು ಮಾತ್ರ ನನಗೆ ಉಳಿದರು. ಆ ಮೆಟ್ಟಿಲು ನಿಜಕ್ಕೂ ಕಡಿದು. ಅಂಗವಿಕಲರ ಹಕ್ಕಿನ ಭಿತ್ತಿಪತ್ರವನ್ನು ಮಾಳಿಗೆಯ ಮೇಲೆ ಅಂಟಿಸಿದವರಿಗೆ ಇದು ಹೊಳೆಯಲಿಲ್ಲವೇಕೆ ಎಂದು ಇಂದಿಗೂ ಕೇಳುತ್ತೇನೆ.

ಮರುವರ್ಷ ಅವರು ನನ್ನನ್ನೂ ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ನಡೆದ ಎರಡು ದಿನದ ಕಾರ್ಯಾಗಾರಕ್ಕೆ ಕರೆದರು. ಸೆಣಬಿನ ಚೀಲ, ಪೆನ್ನು, ಕೊರಳಿಗೆ ಬಿಲ್ಲೆ. ಬೆಂಗಳೂರಿನಿಂದ ಬಂದವರು ಪರದೆಯ ಮೇಲೆ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ತೋರಿಸಿದರು. ಅದರಲ್ಲಿ 16ನೆಯದು ಶಾಂತಿ, ನ್ಯಾಯ ಮತ್ತು ಗಟ್ಟಿ ಸಂಸ್ಥೆಗಳದು. ಎಲ್ಲರಿಗೂ ನ್ಯಾಯ ಸಮಾನವಾಗಿ ಕೈಗೆಟುಕಬೇಕು ಎಂಬ ಮಾತು ಅದರೊಳಗಿದೆ. ಒಳ್ಳೆಯ ಮಾತೇ. ಆದರೆ ಕನ್ನಡಕ್ಕೆ ತಂದವರು ಅದನ್ನು ‘ನ್ಯಾಯಕ್ಕೆ ಪ್ರವೇಶ’ ಎಂದು ಬರೆದಿದ್ದರು. ಪಕ್ಕದಲ್ಲಿ ಕುಳಿತಿದ್ದ ಶಿಗ್ಗಾವಿ ಕಡೆಯ ರೈತರೊಬ್ಬರು ಮೆಲ್ಲಗೆ, ‘ಟಿಕೆಟ್ ಎಷ್ಟಂತೆ?’ ಎಂದು ಕೇಳಿದರು. ಊಟ ಚೆನ್ನಾಗಿತ್ತು. ಸಹಿ ಮಾತ್ರ ಬೆಳಿಗ್ಗೆ ಒಮ್ಮೆ, ಊಟಕ್ಕೆ ಒಮ್ಮೆ, ಬಸ್ ಖರ್ಚಿಗೆ ಒಮ್ಮೆ ಎಂದು ಮೂರು ಕಡೆ ಮಾಡಬೇಕಾಯಿತು. ಈ ಭಾಗಕ್ಕೆ ಹದಿನಾರಾಣೆಯಲ್ಲಿ ನಾಲ್ಕಾಣೆ ಕೊಡುತ್ತೇನೆ, ಅದೂ ಊಟಕ್ಕೆ.

ಹಕ್ಕು ಎಂದರೇನು ಎಂದು ಹೋಟೆಲಿನಲ್ಲಿ ಕೂರಿಸಿ ಹೇಳಿಕೊಡಬೇಕಾದ ಸೀಮೆಯೂ ನಮ್ಮದಲ್ಲ. 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ, ಊರ ಹುಲ್ಲುಗಾವಲಿನ ಮೇಲೆ ಕಂಪನಿಗಾಗಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಗಿಡ ನೆಟ್ಟು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದ ಜನ ಇಲ್ಲಿನವರು. ನಮಗೆ ಗೊತ್ತಿರದಿದ್ದದ್ದು ಬೇರೆ, ಅದು ನನ್ನ ಮನೆಯ ಕೆಲಸದಲ್ಲಿಯೇ ಬಯಲಿಗೆ ಬಂದಿತು.

ನನ್ನ ಅಕ್ಕನ ಮಗಳ ಗಂಡ 2018ರಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ 2 ಎಕರೆ 10 ಗುಂಟೆ ಹೊಲ ಇತ್ತು. ಹೆಂಡತಿ, ಒಬ್ಬಳು ಮಗಳು, ತಾಯಿ, ಇಷ್ಟು ಜನ ಹಿಂದೆ ಉಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಸಮಪಾಲು, ಅಂದರೆ ತಲಾ 30 ಗುಂಟೆ. ಆದರೆ ಮೈದುನ ಕೊಟ್ಟ ವಂಶಾವಳಿಯಲ್ಲಿ ಸತ್ತವನಿಗೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ! ತಾಯಿಯೊಬ್ಬಳ ಹೆಸರಿಗೆ ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿ, ಉತಾರದಲ್ಲಿಯೂ, ಅಂದರೆ ಪಹಣಿಯಲ್ಲಿಯೂ, ಬಂದುಬಿಟ್ಟಿತ್ತು. ಆ ಮುದುಕಿಗೆ ತಾನು ಎಲ್ಲಿ ಹೆಬ್ಬೆಟ್ಟು ಒತ್ತಿದೆನೆಂಬುದೂ ತಿಳಿಯದು.

‘ಮಾಮಾ, ನೀವಿದ್ದೀರಲ್ಲ’ ಎಂದು ಅವಳು ಬಂದಳು. ಇದ್ದೆ. 14 ತಿಂಗಳಲ್ಲಿ ಮೂರು ಅರ್ಜಿ ಬರೆದುಕೊಟ್ಟೆ, ಮೂರೂ ತಹಸೀಲ್ದಾರರಿಗೆ. ಒಂದಕ್ಕೂ ಹಿಂಬರಹ ಬರಲಿಲ್ಲ. 2019ರ ನವೆಂಬರಿನಲ್ಲಿ ಒಂದು ಸೋಮವಾರ ಅವಳು ಸುಮ್ಮನೆ ರಸ್ತೆ ದಾಟಿದಳು. ನಾನೂ ಹಿಂದೆ ಹೋದೆ, ಕೂತುಕೊಂಡು ತಪ್ಪು ಹುಡುಕೋಣ ಎಂದು.

ಕೇಂದ್ರದಲ್ಲಿ ಅರೆಕಾನೂನು ಸ್ವಯಂಸೇವಕಿ ಎಂದು ಒಬ್ಬ ಹೆಣ್ಣುಮಗಳಿದ್ದಳು, ಮೂವತ್ತರ ಆಸುಪಾಸು. ವಕೀಲಳಲ್ಲ, ಬಿ.ಎ. ಓದಿದವಳು. ನನ್ನ ಮೂರು ಅರ್ಜಿಗಳ ನಕಲನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ‘ಕಾಕಾ, ಸ್ವೀಕೃತಿ ಎಲ್ಲಿದೆ?’ ಎಂದಳು. ನಾನು ಬರೆದುಕೊಡುತ್ತೇನೆ, ಗಿರಾಕಿ ಒಳಗೆ ಕೊಟ್ಟುಬರುತ್ತಾರೆ, ಅಷ್ಟೇ. ಅಲ್ಲಿಯವರೆಗೆ ಯಾರಿಗೂ ‘ಎರಡನೆಯ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು ಹಾಕಿಸಿಕೊಂಡು ಬಾ’ ಎಂದು ಹೇಳಿದವನಲ್ಲ. ಮೊಹರಿಲ್ಲದ ಅರ್ಜಿ ಕೊಟ್ಟೆನೆಂಬುದಕ್ಕೆ ಸಾಕ್ಷಿ ದೇವರೊಬ್ಬನೇ, ಅವನನ್ನು ಸಾಕ್ಷಿಕಟ್ಟೆಗೆ ಕರೆಯಲಾಗುವುದಿಲ್ಲ.

ಆಮೇಲೆ ಪೆನ್ನು ತೆಗೆದಳು. ‘ತಮ್ಮ ಪಾದಗಳಿಗೆ ಬಿದ್ದು ದೀನಳಾಗಿ ಬೇಡಿಕೊಳ್ಳುವುದೇನೆಂದರೆ’ ಎಂಬ ನನ್ನ ಖಾಯಂ ಸಾಲಿಗೆ ಅಡ್ಡಗೆರೆ ಎಳೆದಳು. ಆ ಸಾಲು ನನ್ನ ಗುರುಗಳಿಂದ ನನಗೆ ಬಂದದ್ದು, ನಾಲ್ಕು ಜನ ಮೆಚ್ಚಿದ್ದು. ಅದರ ಜಾಗದಲ್ಲಿ ಅವಳು ಬರೆದದ್ದು ಇಷ್ಟು: ‘ನಾನು ಮೃತರ ಹೆಂಡತಿ. ವಂಶಾವಳಿಯಲ್ಲಿ ನನ್ನ ಮತ್ತು ನನ್ನ ಮಗಳ ಹೆಸರನ್ನು ಬಿಡಲಾಗಿದೆ.’ ಎರಡು ವಾಕ್ಯ. ನನ್ನ ಅಕ್ಕನ ಮಗಳು ಅದನ್ನು ಓದಿಸಿಕೊಂಡು ಇನ್ನೊಮ್ಮೆ ಓದಿ ಎಂದಳು. ಗಂಡ ಸತ್ತ ಮೇಲೆ ಅವಳನ್ನು ಯಾವ ಕಾಗದವೂ ಅವನ ಹೆಂಡತಿ ಎಂದು ಕರೆದಿರಲಿಲ್ಲ.

ನನ್ನ ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ವಾರಸಾ ಒಮ್ಮೆ ಪ್ರಮಾಣೀಕೃತವಾದ ಮೇಲೆ ತಹಸೀಲ್ದಾರರ ಬಾಗಿಲು ಬಡಿದು ಉಪಯೋಗವಿಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ ಹಾಕಬೇಕು, ಅದಕ್ಕೆ 60 ದಿನದ ಗಡುವು. ನಾವು ಗಡುವನ್ನು ಎಂದೋ ದಾಟಿದ್ದೆವು. ವಿಳಂಬ ಮನ್ನಿಸುವಂತೆ ಕೋರಲು ಪ್ರತ್ಯೇಕ ಅರ್ಜಿ ಬೇಕಾಯಿತು. ವಂಶಾವಳಿಯ ನಕಲು ತೆಗೆಯಲು ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿಸಿದಳು. ನಕಲು ಕೈಗೆ ಬಂದಾಗ ಅದರಲ್ಲಿ ಸತ್ತವನ ಹೆಸರಿನ ಕೆಳಗೆ ‘ಸಂತತಿ ಇಲ್ಲ’ ಎಂಬ ಬರಹವಿತ್ತು. ಆ ಕಾಗದ ನೋಡುವಾಗ ಏಳು ವರ್ಷದ ಸಂತತಿ ಅಲ್ಲಿಯೇ ಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತಿತ್ತು.

ವಕೀಲರ ಫೀ ಎಲ್ಲಿಂದ ತರುವುದು ಎಂದೆ. ಅವಳು ನಕ್ಕಳು. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರದು, ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಮಿನಂತೆ ಹೆಂಗಸರಿಗೆ ಉಚಿತ ವಕೀಲರು ಸಿಗಬೇಕು, ಆದಾಯ ಎಷ್ಟೇ ಇರಲಿ. ಕಂದಾಯ ನ್ಯಾಯಾಲಯವೂ ಅದರ ವ್ಯಾಪ್ತಿಗೆ ಸೇರುತ್ತದೆ. ಅಂದರೆ ನಾನು ಆ ಮರದ ಕೆಳಗೆ ಕೂತಷ್ಟು ಕಾಲವೂ ಈ ಕಾಯ್ದೆ ನನ್ನ ಪಕ್ಕದಲ್ಲಿಯೇ ಕೂತಿತ್ತು, ನಾನು ಒಮ್ಮೆಯೂ ಮಾತನಾಡಿಸಿರಲಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹೋಯಿತು, ವಕೀಲರು ನೇಮಕವಾದರು. ಹೊರದೇಶದ ದುಡ್ಡು ಇಲ್ಲಿ ಮಾಡಿದ ಕೆಲಸ ಇಷ್ಟೇ: ನಮ್ಮದೇ ಸರ್ಕಾರದ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ತೋರಿಸಲು ಒಬ್ಬಳಿಗೆ ಸಂಬಳ ಕೊಟ್ಟದ್ದು. ಈ ಕೆಲಸಕ್ಕೆ ಹದಿನಾರಾಣೆಯೂ ಸಲ್ಲಬೇಕು. ನನ್ನ ಕೈಯಾರೆ ಕೊಡುತ್ತಿದ್ದೇನೆ, ಸಂತೋಷದಿಂದ ಎಂದು ಮಾತ್ರ ತಿಳಿಯಬೇಡಿ.

ಅವಳ ಮೇಜಿನ ಹಿಂದೆ ಒಂದು ಚಿತ್ರವಿತ್ತು, ಆಫ್ರಿಕಾದ ಒಂದು ಹಳ್ಳಿಯಲ್ಲಿ ಮರದ ಕೆಳಗೆ ಜನ ಕೂತದ್ದು. ನನ್ನ ಬೇವಿನ ಮರವೇ ಎಂದು ಕೇಳಿದೆ. ಸಿಯೆರಾ ಲಿಯೋನ್ ಎಂದಳು. ಅಂತರ್ಯುದ್ಧ ಮುಗಿದ ಮೇಲೆ ಬೆರಳೆಣಿಕೆಯ ವಕೀಲರಿದ್ದ ಆ ದೇಶದಲ್ಲಿ 2003ರಿಂದ ಹೊರಗಿನ ನೆರವಿನಿಂದಲೇ ಇಂಥ ಸಲಹೆಗಾರರನ್ನು ಹಳ್ಳಿಗಳಲ್ಲಿ ಕೂರಿಸಿದರಂತೆ. 2012ರಲ್ಲಿ ಅಲ್ಲಿನ ಕಾನೂನು ನೆರವು ಕಾಯ್ದೆಯೇ ಅವರಿಗೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿಯೂ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2009ರಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆ ತಂದಿದೆ. ಆದರೆ ನನ್ನ ಮರದ ಕೆಳಗೆ ಅವರಲ್ಲಿ ಒಬ್ಬರೂ ಬಂದದ್ದನ್ನು ನಾನು ನೋಡಿಲ್ಲ.

ಇನ್ನು ಬೈಗುಳ. ಒಮ್ಮೆ ಹೊರದೇಶದ ಅತಿಥಿಯೊಬ್ಬರು ಬಂದರು. ಹಾವೇರಿಯ ಏಲಕ್ಕಿ ಹಾರ ಹಾಕಿ ಸ್ವಾಗತಿಸಿದರು. ಬಿಸಿಲಲ್ಲಿ ಅವರ ಕೊರಳು ಬಾಗಿತ್ತು, ಘಮ ಮಾತ್ರ ರಸ್ತೆಯ ಈಚೆಗೂ ಬಂದಿತು. ಅಂದು ಮೇಲ್ಮನವಿಗೆ ಕಾಗದ ಹೊಂದಿಸುವ ದಿನ. ಅವಳು ಅದನ್ನು ಬಿಟ್ಟು ಅತಿಥಿಗೆ ಫಲಾನುಭವಿಗಳನ್ನು ತೋರಿಸಲು ಓಡಾಡಬೇಕಾಯಿತು. ನನ್ನ ಅಕ್ಕನ ಮಗಳನ್ನು ನಿಲ್ಲಿಸಿ ಭಾವಚಿತ್ರ ತೆಗೆದರು. ವಹಿಯಲ್ಲಿ ಅವಳ ಪ್ರಕರಣದ ಮುಂದೆ ‘ಪರಿಹಾರವಾಗಿದೆ’ ಎಂದು ಬರೆದದ್ದನ್ನು ನಾನು ಕಣ್ಣಾರೆ ಕಂಡೆ. ಆಗಿನ್ನೂ ಮೇಲ್ಮನವಿ ದಾಖಲೂ ಆಗಿರಲಿಲ್ಲ! ಕೇಳಿದರೆ, ‘ಮೂರು ತಿಂಗಳಿಗೊಮ್ಮೆ ಸಂಖ್ಯೆ ಕಳಿಸಬೇಕು ಕಾಕಾ’ ಎಂದು ಮುಖ ಸಣ್ಣದು ಮಾಡಿದಳು. ಹೆಂಡತಿ ಇದ್ದವನಿಗೆ ಇಲ್ಲವೆಂದು ಬರೆದ ಮೈದುನನಿಗೂ, ಆಗದ್ದನ್ನು ಆಯಿತೆಂದು ಬರೆಸಿದ ಈ ಯೋಜನೆಗೂ ಬರವಣಿಗೆಯಲ್ಲಿ ಏನು ವ್ಯತ್ಯಾಸ ಎಂದು ಕೇಳಬೇಕೆನಿಸಿತು. ಅವಳ ಮುಖ ನೋಡಿ ಬಿಟ್ಟೆ.

2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂದಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಹೊರದೇಶದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ ಎಂದಾಯಿತು. ನಮ್ಮ ಕಡೆಯವರಿಗೆ ಬರುತ್ತಿದ್ದದ್ದು ಬೆಂಗಳೂರಿನ ಮೂಲಕವೇ. ಕಾಲುವೆಯ ತೂಬು ಮುಚ್ಚಿದಂತಾಯಿತು, ಕೊನೆಯ ಹೊಲ ಮೊದಲು ಒಣಗಿತು. ಲೆಕ್ಕ ಕೇಳುವುದು ಸರ್ಕಾರದ ಹಕ್ಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆ ಹೋಟೆಲಿನ ಲೆಕ್ಕವನ್ನಂತೂ ಕೇಳಲೇಬೇಕಿತ್ತು. ಆದರೆ ನಿಂತದ್ದು ಅವಳ ಸಂಬಳ.

ಆದರೂ ಅವಳು ವಿಚಾರಣೆಗೆ ಬಂದಳು, ತನ್ನದೇ ಖರ್ಚಿನಲ್ಲಿ. ಹೆಂಗಸರಿಗೆ ಬಸ್ ಉಚಿತವಾದದ್ದು 2023ರಲ್ಲಿ, ಇದು ಅದಕ್ಕೆ ಮುಂಚಿನ ಮಾತು. 2021ರಲ್ಲಿ ಆದೇಶವಾಯಿತು: ಮೊದಲ ವಾರಸಾ ರದ್ದು, ಹೊಸದಾಗಿ ವಿಚಾರಣೆ ನಡೆಸಿ. ಇನ್ನೂ ಏಳು ತಿಂಗಳು ಕಳೆದ ಮೇಲೆ ಉತಾರದಲ್ಲಿ ಮೂರು ಹೆಸರು ಬಂದವು. ಮೈದುನ ಈಗಲೂ ಮಾತನಾಡುವುದಿಲ್ಲ, ಅತ್ತೆ ಮಾತ್ರ ಸೊಸೆಯ ಮನೆಯಲ್ಲಿಯೇ ಇದ್ದಾಳೆ.

ಹೋಗಬಯಸುವವರಿಗೆ: ಕೇಂದ್ರ ಈಗ ಸೋಮವಾರ ಮತ್ತು ಗುರುವಾರ ಮಾತ್ರ ತೆರೆದಿರುತ್ತದೆ. ಬಾಡಿಗೆಯನ್ನು ಊರಿನವರೇ ಕೂಡಿಸಿ ಕೊಡುತ್ತಾರೆ, ನನ್ನದೂ ತಿಂಗಳಿಗೆ 100 ರೂಪಾಯಿ ಇದೆ. ಹತ್ತೂವರೆಯೊಳಗೆ ಹೋಗಿ, ಆಮೇಲೆ ಕುರ್ಚಿ ಸಿಗುವುದಿಲ್ಲ. ಉತಾರ, ಆಧಾರ್, ಹಳೆಯ ಅರ್ಜಿಗಳ ನಕಲು ತೆಗೆದುಕೊಂಡು ಹೋಗಿ. ಫೋನಿನಲ್ಲಿಯೇ ಕೇಳುವುದಾದರೆ ಸರ್ಕಾರದ ಕಾನೂನು ನೆರವಿನ ಸಹಾಯವಾಣಿ 15100 ಇದೆ. ಮೆಟ್ಟಿಲು ಹತ್ತಲಾಗದವರು ನನ್ನ ಗೂಡಂಗಡಿಯಲ್ಲಿ ಕೂತರೆ ಅವಳೇ ಕೆಳಗೆ ಇಳಿದು ಬರುತ್ತಾಳೆ. ಒಟ್ಟಾರೆ ಹದಿನಾರರಲ್ಲಿ ಹನ್ನೆರಡಾಣೆ.

ನನ್ನ ದರ ಇನ್ನೂ 50 ರೂಪಾಯಿಯೇ, ಆದರೆ ಈಗ ಎರಡು ಪ್ರತಿ ಕೊಡುತ್ತೇನೆ. ಪಾದಗಳ ಸಾಲನ್ನು ಕಂಪ್ಯೂಟರಿನಿಂದ ಅಳಿಸಿದ್ದೇನೆ. ಕಳೆದ ವಾರ ಮುದುಕನೊಬ್ಬ ಅರ್ಜಿ ಓದಿಸಿಕೊಂಡು, ‘ಬೇಡಿಕೊಳ್ಳುತ್ತೇನೆ ಎಂದು ಎಲ್ಲಿಯೂ ಇಲ್ಲವಲ್ಲ, ಸಾಹೇಬರು ಸಿಟ್ಟಾದರೆ?’ ಎಂದು ಹಟ ಹಿಡಿದ. ಸೇರಿಸಿಕೊಟ್ಟೆ. ಅವನು ಒಳಗೆ ಹೋಗಿ ಎರಡನೆಯ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದು, ಶಾಯಿ ಆರಲೆಂದು ಅದನ್ನು ಗಾಳಿಗೆ ಹಿಡಿದು ನಿಂತುಕೊಂಡ.