‘ಎಲ್ಲಾ ಒಂದ ಮಾಲು’ ಅಂತ ಕೊಡೋ ಬ್ಯಾಟರಿ ಕಿಟ್ ಬಗ್ಗೆ ಹುಷಾರು

ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರೋ ಪುಟ್ಟ ಕಂಪ್ಯೂಟರ್ ಚಿಪ್ಪಿನದ್ದು), ಎರಡು 18650 ಸೆಲ್ಲು (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿ), ಒಂದು ನೀಲಿ ಚಾರ್ಜರ್ ಬೋರ್ಡು, ಒಂದಿಷ್ಟು ವೈರು. ಎಲ್ಲ ಒಂದೇ ಚೀಲದಲ್ಲಿ ಹಾಕಿ ‘ರೆಡಿ ಕಿಟ್’ ಅಂತ ಮಾರುತ್ತಾರೆ. ವಿಜಯಪುರದ ಒಂದು ಅಂಗಡಿಯಲ್ಲಿ ನಾವು ತಗೊಂಡಿದ್ದು ಇಂಥದ್ದೇ. ನೀವೂ ತಗೊಳ್ಳೋದಾದರೆ ದುಡ್ಡು ಕೊಡೋ ಮೊದಲು ಇದನ್ನೊಮ್ಮೆ ಓದಿ.

ನಮ್ಮ ಮಾಮಾನ ದ್ರಾಕ್ಷಿ ತೋಟ ತಿಕೋಟಾ ಕಡೆ ಇದೆ. ಒಣದ್ರಾಕ್ಷಿ ಮಾಡೋ ಶೆಡ್ಡೂ ಇದೆ. ಶೆಡ್ಡಿನೊಳಗೆ ಬಿಸಿ ಎಷ್ಟು, ತೇವಾಂಶ ಎಷ್ಟು ಅಂತ ಮೊಬೈಲಿನಲ್ಲೇ ನೋಡಬೇಕು ಅನ್ನೋದು ಅವರ ಆಸೆ. ಹೊಲದ ಲೈನಿಗೆ ದಿನವಿಡೀ ಕರೆಂಟ್ ಇರೋದಿಲ್ಲ, ಹಾಗಾಗಿ ಬ್ಯಾಟರಿ ಬೇಕೇ ಬೇಕು. ಚಾರ್ಜರ್ ಬೋರ್ಡಿನಲ್ಲಿ ಪ್ರೊಟೆಕ್ಷನ್, ಅಂದರೆ ಸೆಲ್ ಮಿತಿಮೀರಿ ಖಾಲಿಯಾಗದಂತೆ ಸಂಪರ್ಕ ಕಡಿಯೋ ವ್ಯವಸ್ಥೆ, ಇದೆಯಾ ಅಂತ ಕೇಳಿದ್ದಕ್ಕೆ ಅಂಗಡಿಯವರು, “ಇರ್ತದ ತಗೋರಿ ಸರ್, ಎಲ್ಲಾ ಒಂದ ಮಾಲು” ಅಂದರು.

ಮೊದಲ ತಕರಾರು ಬೇಗನೇ ಶುರುವಾಯಿತು. ಕರೆಂಟ್ ಇರೋವರೆಗೆ ರೀಡಿಂಗ್ ಬರುತ್ತಿತ್ತು. ಹೋಗಿ ಸ್ವಲ್ಪ ಹೊತ್ತಿಗೆ ಬಂದ್. ಬೋರ್ಡಿನ ಕೆಂಪು ಲೈಟ್ ಮಾತ್ರ ಉರೀತಾನೇ ಇರುತ್ತಿತ್ತು. ಮೀಟರ್ ಇಟ್ಟು ನೋಡಿದರೆ ಸೆಲ್ಲಿನಲ್ಲಿ 3.7 ವೋಲ್ಟ್ ಇದೆ, ಆದರೆ 3.3 ಅಂತ ಬರೆದಿರೋ ಪಿನ್ನಿನಲ್ಲಿ 2.6 ಅಷ್ಟೇ. ಕಾರಣ ಇಎಸ್‌ಪಿ32 ಬೋರ್ಡಿನ ಮೇಲಿರೋ ಎಎಂಎಸ್1117 ರೆಗ್ಯುಲೇಟರ್, ಅಂದರೆ ಬರೋ ವೋಲ್ಟೇಜನ್ನು ಚಿಪ್ಪಿಗೆ ಬೇಕಾದ 3.3ಕ್ಕೆ ಇಳಿಸೋ ಭಾಗ. ಅದು 3.3 ಕೊಡಬೇಕಾದರೆ ಅದಕ್ಕೆ ಸುಮಾರು 1.1 ವೋಲ್ಟ್ ಜಾಸ್ತಿ, ಅಂದರೆ 4.4 ಬೇಕು. ಲಿಥಿಯಂ ಸೆಲ್ ತುಂಬಿದಾಗಲೇ 4.2! ಯುಎಸ್‌ಬಿಯ 5 ವೋಲ್ಟಿಗೆ ಅದು ಸರಿಯಾದ ಭಾಗವೇ, ಒಂಟಿ ಸೆಲ್ಲಿನ ವೋಲ್ಟೇಜಿಗೆ ಅಲ್ಲ. ಸೆಲ್ಲನ್ನು 5 ವೋಲ್ಟ್ ಪಿನ್ನಿಗೆ ಬೆಸುಗೆ ಹಾಕಿ ಕೊಟ್ಟಿದ್ದು ಅಂಗಡಿಯವರೇ.

ಇಷ್ಟೇ ಆಗಿದ್ದರೆ ಸುಮ್ನೆ ಬೈದುಕೊಂಡು ಬಿಡಬಹುದಿತ್ತು. ಇಎಸ್‌ಪಿ32 ಚಿಪ್ ನಿಂತರೂ ಸೆಲ್ ಖಾಲಿಯಾಗೋದು ನಿಲ್ಲಲಿಲ್ಲ. ಆ 1117 ತಾನೊಂದೇ ಸುಮಾರು 5 ಮಿಲಿ ಆಂಪ್ ಕುಡಿಯುತ್ತೆ, ಮೇಲೆ ಆ ಕೆಂಪು ಲೈಟ್ ಬೇರೆ. ದಿನಕ್ಕೆ 120 ಮಿಲಿ ಆಂಪ್ ಅವರ್ ಬರೀ ರೆಗ್ಯುಲೇಟರಿಗೇ ಹೋಯಿತು. ನಡುವೆ ಟಿಸಿ ಸುಟ್ಟು ಕರೆಂಟೇ ಇರಲಿಲ್ಲ. ಸೆಲ್ಲಿನ ವೋಲ್ಟೇಜ್ ಎರಡಕ್ಕಿಂತ ಕೆಳಗೆ ಹೋಯಿತು.

ಇಲ್ಲೇ ಇರೋದು ಅಸಲಿ ಅಪಾಯ. ಲಿಥಿಯಂ ಸೆಲ್ ಅಷ್ಟು ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತೆ. ಮತ್ತೆ ಚಾರ್ಜ್ ಮಾಡುವಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗಬಹುದು. ಕರೆಂಟ್ ಬಂದ ದಿನ ಚಾರ್ಜರ್ ತನ್ನ ಪಾಡಿಗೆ ತಾನು ಚಾರ್ಜ್ ಮಾಡುತ್ತಾ ಹೋಯಿತು. ಮಧ್ಯಾಹ್ನ ಮಾಮಾ ಫೋನ್ ಮಾಡಿದರು: “ಡಬ್ಬಿ ವಾಸನಿ ಬರ್ಲಾಕತ್ತದ, ಲಗೂನ ಬಾ.” ನಾನು ಹೋಗೋದರೊಳಗೆ ಪ್ಲಗ್ ಕಿತ್ತು, ಡಬ್ಬಿಯನ್ನು ಇಕ್ಕಳದಲ್ಲಿ ಹಿಡಿದು, ಹೊರಗೆ ಉಸುಕಿನ ಗುಂಪೆ ಮೇಲೆ ಹಾಕಿದ್ದರು. ಮುಚ್ಚಳ ಮೆತ್ತಗಾಗಿ ಬಾಗಿತ್ತು. ಒಂದು ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಸುಕ್ಕುಗಟ್ಟಿ ತುದಿಯಲ್ಲಿ ಎಣ್ಣೆಯಂಥ ಪಸೆ. ನೇಲ್ ಪಾಲಿಶ್ ರಿಮೂವರಿನಂಥ ಸಿಹಿ ಸಿಹಿ ಘಾಟು. ಶೆಡ್ಡಿನ ತುಂಬ ಇರೋದು ಪ್ಲಾಸ್ಟಿಕ್ ಜಾಳಿಗೆ, ಹಸಿರು ನೆಟ್ಟು, ಅದರ ಮೇಲೆ ವರ್ಷದ ಫಸಲು. ಕಿಡಿ ಹತ್ತಿದ್ದರೆ ಕತೆ ಮುಗಿದಿತ್ತು.

ಆ ನೀಲಿ ಚಾರ್ಜರ್ ಬೋರ್ಡು, ಅಂದರೆ ಟಿಪಿ4056 ಚಿಪ್ಪಿನದ್ದು, ಎರಡು ಥರ ಬರುತ್ತೆ. ಒಂದರಲ್ಲಿ ಬರೀ ಬ್ಯಾಟರಿ ಪ್ಲಸ್, ಮೈನಸ್. ಇನ್ನೊಂದರಲ್ಲಿ ಅದರ ಜೊತೆಗೆ ಔಟ್ ಪ್ಲಸ್, ಔಟ್ ಮೈನಸ್ ಅಂತ ಬೇರೆ ಜಾಗ ಇರುತ್ತೆ, ಪಕ್ಕದಲ್ಲೇ ಡಿಡಬ್ಲ್ಯೂ01 ಮತ್ತು 8205 ಅನ್ನೋ ಪುಟ್ಟ ಚಿಪ್ಪುಗಳು. ಪ್ರೊಟೆಕ್ಷನ್ ಅಂದರೆ ಅವೇ. ನಮಗೆ ಕೊಟ್ಟಿದ್ದು ಮೊದಲನೇ ಥರದ್ದು. ಡಿಡಬ್ಲ್ಯೂ01 ಕೂಡ ಕಡಿಯೋದು ಸುಮಾರು 2.4 ವೋಲ್ಟಿಗೆ, ಅದು ಕೊನೇ ಗಳಿಗೆಯ ಕಾವಲು ಅಷ್ಟೇ. ಸೆಲ್ 3.3 ವೋಲ್ಟಿಗೆ ಬಂದಾಗಲೇ ಸಾಧನ ಮಲಗುವ ಹಾಗೆ ಪ್ರೋಗ್ರಾಂನಲ್ಲೇ ಬರೆಯೋದು ಒಳ್ಳೇದು.

ಚಾರ್ಜಿಂಗ್ ಕರೆಂಟನ್ನೂ ನೋಡಿ. ಬೋರ್ಡಿನಲ್ಲಿ 122 ಅಥವಾ 1201 ಅಂತ ಬರೆದ ರೆಸಿಸ್ಟರ್ ಇದ್ದರೆ ಅದು 1.2 ಕಿಲೋ ಓಮ್, ಅಂದರೆ 1 ಆಂಪ್. 1200ನ್ನು ಕಿಲೋ ಓಮ್‌ನಿಂದ ಭಾಗಿಸಿದರೆ ಮಿಲಿ ಆಂಪ್ ಸಿಗುತ್ತೆ. 4.7 ಹಾಕಿದರೆ ಸುಮಾರು 255, ಸಣ್ಣ ಸಾಧನಕ್ಕೆ ಧಾರಾಳ ಸಾಕು. 1 ಆಂಪ್‌ನಲ್ಲಿ ಆ ಉಗುರಿನಷ್ಟು ಚಿಪ್ಪು ಒಂದೂವರೆ ವ್ಯಾಟಿನಷ್ಟು ಬಿಸಿ ಉಗುಳುತ್ತೆ, ಅದೂ ಮುಚ್ಚಿದ ಡಬ್ಬಿಯಲ್ಲಿ, ಸೆಲ್ಲಿನ ಪಕ್ಕದಲ್ಲೇ. ಬಹುತೇಕ ಸೆಲ್ಲುಗಳನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗೇ 40 ಇರುತ್ತೆ, ಅಲ್ವಾ?

ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ. ಈ ಚಾರ್ಜರ್ ಚಿಪ್ಪು, ಚಾರ್ಜಿಂಗ್ ಕರೆಂಟ್ ಹತ್ತನೇ ಒಂದು ಭಾಗಕ್ಕೆ (1 ಆಂಪ್ ಇದ್ದರೆ 100 ಮಿಲಿ ಆಂಪ್‌ಗೆ) ಇಳಿದಾಗ ‘ತುಂಬಿತು’ ಅಂತ ನಿಲ್ಲುತ್ತೆ. ಸಾಧನ ಆನ್ ಇದ್ದು ಅದೇ 100 ಮಿಲಿ ಆಂಪ್ ಎಳೀತಿದ್ದರೆ, ಚಾರ್ಜರ್ ನಿಲ್ಲೋದೇ ಇಲ್ಲ. ಸದಾ ಪ್ಲಗ್ಗಿನಲ್ಲಿರೋ ಸಾಧನಕ್ಕೆ ಬಿಕ್ಯೂ24074 ಅಥವಾ ಎಂಸಿಪಿ73871 ಥರದ, ಸಾಧನಕ್ಕೆ ಹೋಗೋ ಕರೆಂಟಿಗೆ ಬೇರೆ ದಾರಿ ಇರೋ ಚಾರ್ಜರ್ ತಗೊಳ್ಳಿ. ರೆಗ್ಯುಲೇಟರಿಗೆ ಎಪಿ2112 ಆಗುತ್ತೆ, 600 ಮಿಲಿ ಆಂಪ್ ಕೊಡುತ್ತೆ. ವೈಫೈ ಇರೋದರಿಂದ 500ಕ್ಕಿಂತ ಕಡಿಮೆಯದು ಬೇಡ. ಎಚ್‌ಟಿ7333 ತುಂಬ ಕಡಿಮೆ ಕುಡಿಯುತ್ತೆ ನಿಜ, ಆದರೆ 250ಕ್ಕೇ ಸುಸ್ತಾಗುತ್ತೆ.

ಸೆಲ್ಲಿನ ಮೇಲೆ 9900 ಮಿಲಿ ಆಂಪ್ ಅವರ್ ಅಂತ ಅಚ್ಚಾಗಿತ್ತು. ಒಳ್ಳೇ ಕಂಪನಿಯ ಬಹುತೇಕ 18650ಗಳಲ್ಲೇ 3500ರ ಆಸುಪಾಸಿಗೆ ಮುಗಿಯುತ್ತೆ. ಪರಿಚಯದ ಬಂಗಾರದ ಅಂಗಡಿಯಲ್ಲಿ ತೂಕ ಹಾಕಿಸಿದರೆ 32 ಗ್ರಾಂ ಬಂತು, ಅಸಲಿ ಸೆಲ್ 45 ಗ್ರಾಂ ಹತ್ತಿರ ಇರುತ್ತೆ. ಬಿಐಎಸ್ ಗುರುತು, ಐಎಸ್ 16046 ಅನ್ನೋ ಬ್ಯಾಟರಿ ಸುರಕ್ಷತೆಯ ಮಾನದಂಡದ ನಂಬರು ಎರಡೂ ಇರಲಿಲ್ಲ. ವಾಪಸ್ ಒಯ್ದರೆ ಅಂಗಡಿಯವರು, “ಬ್ಯಾಟರಿಗಿ ಗ್ಯಾರಂಟಿ ಇರಂಗಿಲ್ರಿ” ಅಂದರು. ಬಿಲ್ ಕೇಳಿದಾಗಲೇ ಕೊಟ್ಟಿರಲಿಲ್ಲ.

ಅದೇ ಕಿಟ್ಟನ್ನು ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಅಂತ ಒಯ್ಯುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟು ಮಲಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಆ ಬೋರ್ಡ್ ತೆಗೆಸಿ, ಔಟ್ ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಸೆಲ್ ಬಿಚ್ಚಿಡಿ.